ಓದುಗರ ಪ್ರಶ್ನೆ, ನಮ್ಮ ಉತ್ತರ: ಹೊಸ ರೈಫಲ್ ಠುಸ್ ಎನ್ನುವುದೇಕೆ?

ಪ್ರಶ್ನೆ: ನಾವು ಮೂಲತಃ ಕೊಡಗಿನ ಕಡೆಯವರು, ಬಹುಕಾಲದಿಂದ ಡೊಂಬಿವಲಿಯಲ್ಲಿ ನೆಲೆಸಿದ್ದೇವೆ. ಮಗಳು ಮೊದಲು ಏರ್ ರೈಫಲ್‌ನಲ್ಲಿ ಅಭ್ಯಾಸ ಮಾಡಿ, ಈಗ ಐವತ್ತು ಮೀಟರಿನ ಸ್ಪರ್ಧೆಗೆಂದು ವರ್ಲಿಯ ರೇಂಜಿಗೆ ಹೋಗುತ್ತಿದ್ದಾಳೆ. ಅವಳ ಪರವಾನಗಿಯ ಮೇಲೆ ಈ ಬೇಸಿಗೆಯಲ್ಲಿ ಹೊಸ .22 ಬೋಲ್ಟ್ ರೈಫಲ್ (ಕಾಡತೂಸಿನ ಹಿಂಬದಿಯನ್ನು ಮುಚ್ಚುವ, ಕೈಯಿಂದ ಸರಿಸುವ ಉಕ್ಕಿನ ತುಂಡೇ ಬೋಲ್ಟ್) ಕೊಂಡೆವು. ಐವತ್ತು ಕಾಡತೂಸಿನ ಒಂದು ಪೆಟ್ಟಿಗೆಯಲ್ಲಿ ನಾಲ್ಕೈದಾದರೂ ಠುಸ್ ಆಗುತ್ತವೆ. ಕಾಡತೂಸಿಗೆ ಪಿನ್ ಬಡಿದ ಸದ್ದು ಕೇಳುತ್ತದೆ, ಗುಂಡು ಹಾರುವುದಿಲ್ಲ. ಬೆಳಗಿನ ಮೊದಲ ಹತ್ತಿಪ್ಪತ್ತು ಸುತ್ತುಗಳಲ್ಲಿ ಈ ಕಾಟ ಹೆಚ್ಚು, ಆಮೇಲೆ ಕಡಿಮೆಯಾಗುತ್ತದೆ. ಮಗಳು ತಕ್ಷಣ ಬೋಲ್ಟಿನ ಹಿಡಿಯನ್ನು ಎತ್ತಿ ಇಳಿಸಿ ಅದೇ ಕಾಡತೂಸಿಗೆ ಇನ್ನೊಮ್ಮೆ ಹೊಡೆಯುತ್ತಾಳೆ, ಬಹುಪಾಲು ಆಗ ಸಿಡಿಯುತ್ತದೆ. ಮಳೆಗಾಲವೆಂದು ನಾನು ವಾರಕ್ಕೊಮ್ಮೆ ಎಲ್ಲ ಭಾಗಗಳಿಗೂ ಎಣ್ಣೆ ಸ್ಪ್ರೇ ಮಾಡಿ ಇಡುತ್ತೇನೆ. ರೈಫಲ್ ಕೊಟ್ಟವರು ಕಾಡತೂಸಿನ ದೋಷ ಎನ್ನುತ್ತಾರೆ, ಕಾಡತೂಸು ಕೊಟ್ಟವರು ರೈಫಲಿನ ದೋಷ ಎನ್ನುತ್ತಾರೆ. ಪರಿಚಯದವರೊಬ್ಬರು ಸ್ಪ್ರಿಂಗಿನ ಹಿಂದೆ ಒಂದು ವಾಷರ್ ಹಾಕಿಸಿರಿ ಎಂದರು. ಯಾರ ಮಾತು ಕೇಳಬೇಕು?

ಉತ್ತರ: ಸದ್ಯಕ್ಕೆ ಮೂವರ ಮಾತನ್ನೂ ಬದಿಗಿಟ್ಟು, ಸಿಡಿಯದೆ ಉಳಿದ ಕಾಡತೂಸಿನ ಮಾತನ್ನು ಕೇಳಿರಿ. ದೋಷ ಯಾವ ಕಡೆಯದು ಎಂಬುದರ ಸಾಕ್ಷ್ಯ ಅದರ ಬುಡದ ಅಂಚಿನ ಮೇಲೆಯೇ ಬರೆದಿರುತ್ತದೆ, ಆದರೆ ಹೆಚ್ಚಿನವರು ಅದನ್ನು ನೋಡುವ ಮೊದಲೇ ಕೈಬಿಟ್ಟಿರುತ್ತಾರೆ, ಇಲ್ಲವೇ ನಿಮ್ಮ ಮಗಳಂತೆ ಎರಡನೆಯ ಹೊಡೆತದಿಂದ ಅಳಿಸಿಬಿಟ್ಟಿರುತ್ತಾರೆ.

ಅದಕ್ಕೂ ಮೊದಲು ಒಂದು ಮಾತನ್ನು ಕಟುವಾಗಿಯೇ ಹೇಳಬೇಕಾಗಿದೆ. ಪಿನ್ ಬಡಿದೂ ಗುಂಡು ಹಾರದಿದ್ದಾಗ ತಕ್ಷಣ ಬೋಲ್ಟಿಗೆ ಕೈ ಹಾಕುವ ಅಭ್ಯಾಸವನ್ನು ಇಂದೇ ಬಿಡಿಸಿರಿ. ಅಂಚಿನ ಮದ್ದು ಕಿಡಿಯಾಗಿ, ಒಳಗಿನ ಮದ್ದಿಗೆ ಬೆಂಕಿ ತಲುಪಲು ಒಮ್ಮೊಮ್ಮೆ ಕ್ಷಣಕಾಲ ತಡವಾಗುವುದುಂಟು. ಅಂಥ ಹೊತ್ತಿನಲ್ಲಿ ಬೋಲ್ಟ್ ತೆರೆದಿದ್ದರೆ ತೆಳುವಾದ ಹಿತ್ತಾಳೆಯ ಕವಚ ಆಧಾರವಿಲ್ಲದೆ ಒಡೆದು, ಚೂರು ಮತ್ತು ಬಿಸಿ ಅನಿಲ ಮುಖದ ಕಡೆಗೆ ಬರುತ್ತವೆ. ಆದ್ದರಿಂದ ನಳಿಗೆಯ ಬಾಯಿಯನ್ನು ಗುರಿಯ ಕಡೆಗೇ ಹಿಡಿದು ಕನಿಷ್ಠ 30 ಸೆಕೆಂಡು ಕಾಯಬೇಕು. ರೇಂಜಿನ ನಿಯಮ ಅದಕ್ಕಿಂತ ಹೆಚ್ಚು ಹೇಳಿದ್ದರೆ ಅಷ್ಟು ಕಾಯಬೇಕು. ಆಮೇಲೆ ಮುಖವನ್ನು ಬದಿಗಿಟ್ಟು ಬೋಲ್ಟ್ ತೆರೆಯಬೇಕು. ಸದ್ದು ಎಂದಿನಂತೆ ಬಾರದೆ ಮಂದವಾಗಿ ಕೇಳಿದರೆ, ಅಥವಾ ಗುರಿಯ ಹಾಳೆಯಲ್ಲಿ ತೂತು ಕಾಣದಿದ್ದರೆ, ಗುಂಡು ನಳಿಗೆಯಲ್ಲೇ ಸಿಕ್ಕಿಕೊಂಡಿರಬಹುದು. ಆಗ ಇನ್ನೊಂದು ಸುತ್ತು ಹಾಕುವ ಮಾತೇ ಇಲ್ಲ. ರೇಂಜ್ ಆಫೀಸರನ್ನು ಕರೆದು ನಳಿಗೆಯನ್ನು ಪರೀಕ್ಷಿಸಿಕೊಳ್ಳಬೇಕು. ಸ್ಪರ್ಧೆಯ ಗಡಿಬಿಡಿಯಲ್ಲಿ ಮಕ್ಕಳು ಇದನ್ನು ಮರೆಯುತ್ತಾರೆ. ಅಭ್ಯಾಸದಲ್ಲಿ ರೂಢಿಯಾದದ್ದು ಮಾತ್ರ ಸ್ಪರ್ಧೆಯಲ್ಲಿ ನೆನಪಿಗೆ ಬರುತ್ತದೆ.

ಇನ್ನು ಕಾಡತೂಸಿನ ವಿಚಾರ. ಊರಿನಲ್ಲಿ ತಾವು ನೋಡಿರುವ ಹನ್ನೆರಡು ಬೋರಿನ ತೋಟೆಗೆ ಬುಡದ ನಡುವಿನಲ್ಲಿ ಕಿಡಿ ಹುಟ್ಟಿಸುವ ಕೇಪು ಇರುತ್ತದೆ, ಕೋವಿಯ ಪಿನ್ ಆ ಕೇಪಿಗೆ ನೇರವಾಗಿ ಬಡಿಯುತ್ತದೆ. .22 ರಿಮ್‌ಫೈರಿನಲ್ಲಿ, ಅಂದರೆ ಅಂಚಿಗೆ ಬಡಿದು ಸಿಡಿಸುವ ಕಾಡತೂಸಿನಲ್ಲಿ, ಹಾಗೆ ಪ್ರತ್ಯೇಕ ಕೇಪು ಇಲ್ಲ. ಕವಚದ ಬುಡದಲ್ಲಿ ಹೊರಚಾಚಿರುವ ಟೊಳ್ಳು ಅಂಚಿನೊಳಗೇ ಕಿಡಿ ಹುಟ್ಟಿಸುವ ಮದ್ದನ್ನು ತುಂಬಿರುತ್ತಾರೆ. ಒದ್ದೆ ಮದ್ದನ್ನು ಖಾಲಿ ಕವಚಕ್ಕೆ ಹಾಕಿ, ಗಿರ್ರನೆ ತಿರುಗಿಸಿ, ಅದು ಅಂಚಿನ ಸುತ್ತಲೂ ಹರಡಿಕೊಳ್ಳುವಂತೆ ಮಾಡಿ ಒಣಗಿಸುವುದು ಕಾರ್ಖಾನೆಯ ಕ್ರಮ. ಪಿನ್ ಬಂದು ಅಂಚಿಗೆ ಬಡಿದಾಗ, ಆ ಅಂಚು ಪಿನ್ನಿಗೂ ಚೇಂಬರಿನ (ನಳಿಗೆಯ ಬುಡದಲ್ಲಿ ಕಾಡತೂಸು ಕೂರುವ ಗೂಡಿನ) ಹಿಂಬದಿಯ ಉಕ್ಕಿಗೂ ನಡುವೆ ಸಿಕ್ಕಿ ನಜ್ಜಾಗುತ್ತದೆ, ಒಳಗಿನ ಮದ್ದು ಹೊತ್ತಿಕೊಳ್ಳುತ್ತದೆ. .22 ಲಾಂಗ್ ರೈಫಲ್ ಎಂಬ ಈ ಕಾಡತೂಸು 1887ರಿಂದ ಬಳಕೆಯಲ್ಲಿದೆ, ಅದರ ಮೂಲ ಏರ್ಪಾಡು ಇಂದಿಗೂ ಇದೇ.

ಈ ಏರ್ಪಾಡಿನಲ್ಲಿ ಕೆಡಬಹುದಾದ ಜಾಗಗಳು ಇದರಿಂದಲೇ ತಿಳಿಯುತ್ತವೆ. ಅಂಚಿನ ಯಾವುದೋ ಒಂದು ಕಡೆ ಮದ್ದು ಹರಡದೆ ಖಾಲಿ ಉಳಿದು, ಪಿನ್ ಸರಿಯಾಗಿ ಅಲ್ಲಿಗೇ ಬಡಿದರೆ ಕಾಡತೂಸು ಸಿಡಿಯುವುದಿಲ್ಲ; ಅದು ಕಾಡತೂಸಿನ ದೋಷ. ಪಿನ್ನಿನ ಹೊಡೆತವೇ ದುರ್ಬಲವಾಗಿದ್ದರೆ ಅಂಚು ಸಾಕಷ್ಟು ನಜ್ಜಾಗುವುದಿಲ್ಲ; ಅದು ರೈಫಲಿನ ದೋಷ, ಅಥವಾ ಅದನ್ನು ನೋಡಿಕೊಳ್ಳುವವರ ದೋಷ. ಮೂರನೆಯದನ್ನು ಜನ ಮರೆಯುವುದೇ ಹೆಚ್ಚು: ಕಾಡತೂಸು ಚೇಂಬರಿನಲ್ಲಿ ಪೂರ್ತಿ ಒಳಗೆ ಕುಳಿತಿರದಿದ್ದರೆ, ಪಿನ್ನಿನ ಮೊದಲ ಹೊಡೆತದ ಬಲವೆಲ್ಲ ಅದನ್ನು ಮುಂದಕ್ಕೆ ತಳ್ಳುವುದರಲ್ಲೇ ಮುಗಿಯುತ್ತದೆ, ಅಂಚನ್ನು ನಜ್ಜುವುದಕ್ಕೆ ಏನೂ ಉಳಿಯುವುದಿಲ್ಲ.

ಈಗ ಪರೀಕ್ಷೆ. ಒಂದು ದಿನದ ಅಭ್ಯಾಸವನ್ನು ಇದಕ್ಕೆಂದೇ ಮೀಸಲಿಡಿ, ಆ ದಿನ ಅಂಕಗಳ ಆಸೆ ಬೇಡ. ಪ್ರತಿ ಕಾಡತೂಸಿನ ಬುಡದ ಮೇಲೆ, ಅಂಚಿನ ಒಂದು ಕಡೆ, ತೆಳು ಮೊನೆಯ ಮಾರ್ಕರಿನಿಂದ ಒಂದು ಸಣ್ಣ ಗೆರೆ ಎಳೆದು, ಆ ಗೆರೆ ಮೇಲ್ಗಡೆ ಬರುವಂತೆ ಚೇಂಬರಿಗೆ ಹಾಕಿರಿ. ಇದರಿಂದ ಪಿನ್ ಎಲ್ಲಿ ಬಡಿಯಿತೆಂಬುದು ಹೊರತೆಗೆದ ಮೇಲೂ ತಿಳಿಯುತ್ತದೆ. ಸಿಡಿಯದ ಕಾಡತೂಸು ಸಿಕ್ಕಾಗ, ಹೇಳಿದಷ್ಟು ಹೊತ್ತು ಕಾದು, ತೆಗೆದು, ಸಿಡಿದ ನಾಲ್ಕಾರು ಖಾಲಿ ಕವಚಗಳ ಪಕ್ಕದಲ್ಲಿ ಮೇಜಿನ ಮೇಲೆ ನಿಲ್ಲಿಸಿ ಭೂತಗನ್ನಡಿಯಲ್ಲಿ ನೋಡಿರಿ. ಬುಡದ ಅಡ್ಡಳತೆ ಸುಮಾರು 7 ಮಿಲಿಮೀಟರ್ ಮಾತ್ರ. ಬರಿಗಣ್ಣಿಗೆ ಒಂದೇ ರೀತಿ ಕಾಣುವ ಎರಡು ಗುರುತುಗಳು ಗಾಜಿನ ಕೆಳಗೆ ಬೇರೆಬೇರೆಯಾಗಿ ಕಾಣುತ್ತವೆ. ಒಳ್ಳೆಯ ಹೊಡೆತದ ಗುರುತಿಗೆ ಚೂಪಾದ ಅಂಚುಗಳಿರುತ್ತವೆ, ಅದು ಕಾಡತೂಸಿನ ಹೊರ ಅಂಚಿನವರೆಗೂ ಚಾಚಿ, ತಳ ಚೆನ್ನಾಗಿ ಕೆಳಕ್ಕೆ ಇಳಿದಿರುತ್ತದೆ. ದುರ್ಬಲ ಹೊಡೆತದ ಗುರುತಿನ ಅಂಚುಗಳು ಮೊಂಡಾಗಿರುತ್ತವೆ, ಓರೆ ಬೆಳಕಿಗೆ ಹಿಡಿದರೆ ಬರೀ ಒತ್ತಿದಂತಿರುವ ಕಲೆ ಕಾಣುತ್ತದೆ.

ಸಿಡಿಯದ ಕಾಡತೂಸಿನ ಮೇಲಿನ ಗುರುತು ಸಿಡಿದವುಗಳ ಮೇಲಿನಷ್ಟೇ ಆಳವಾಗಿದ್ದರೆ ರೈಫಲನ್ನು ದೂರಬೇಡಿ. ರೇಂಜ್ ಆಫೀಸರ್ ಒಪ್ಪಿದರೆ ಆ ಕಾಡತೂಸನ್ನು ಅರ್ಧ ಸುತ್ತು ತಿರುಗಿಸಿ ಒಮ್ಮೆ ಮಾತ್ರ ಮತ್ತೆ ಹೊಡೆಯಿರಿ. ಆಗ ಸಿಡಿದರೆ ಮೊದಲ ಜಾಗದಲ್ಲಿ ಮದ್ದು ಇರಲಿಲ್ಲವೆಂದು ಅರ್ಥ. ಆಗಲೂ ಸಿಡಿಯದಿದ್ದರೆ ಅಂಚಿನ ಮದ್ದು ಎಣ್ಣೆಯಿಂದಲೋ ತೇವದಿಂದಲೋ ಸತ್ತಿರುವ ಸಂಭವವಿದೆ. ಗುರುತು ಆಳವಿಲ್ಲದಿದ್ದರೆ ಕಾರಣ ರೈಫಲಿನಲ್ಲಿದೆ. ಸಿಡಿದ ಕವಚಗಳಲ್ಲೇ ಒಂದರ ಗುರುತು ಆಳ, ಇನ್ನೊಂದರದು ತೇಲು ಎಂಬಂತಿದ್ದರೆ ಪಿನ್ನಿನ ಓಟಕ್ಕೆ ಏನೋ ಅಡ್ಡ ಬರುತ್ತಿದೆ. ಎಲ್ಲವೂ ಒಂದೇ ಸಮನಾಗಿ ತೇಲಾಗಿದ್ದರೆ ಪಿನ್ನಿನ ಉದ್ದ, ಸ್ಪ್ರಿಂಗ್ ಅಥವಾ ಬೋಲ್ಟ್ ಮತ್ತು ಚೇಂಬರಿನ ನಡುವಿನ ಅಂತರದ ಅಳತೆ ತಪ್ಪಿದೆ. ಗುರುತು ಅಂಚನ್ನು ಬಿಟ್ಟು ಒಳಕ್ಕೆ ಸರಿದಿದ್ದರೆ ಮುಂದೆ ಏನನ್ನೂ ಪರೀಕ್ಷಿಸದೆ ರೈಫಲನ್ನು ಅಂಗಡಿಗೆ ಹಿಂದಿರುಗಿಸಿರಿ.

ತಮ್ಮ ಪತ್ರದಲ್ಲಿಯೇ ಮೂರು ಸುಳಿವುಗಳಿವೆ. ಬೋಲ್ಟಿನ ಹಿಡಿಯನ್ನಷ್ಟೇ ಎತ್ತಿ ಇಳಿಸಿದಾಗ ಕಾಡತೂಸು ತಿರುಗುವುದಿಲ್ಲ, ಎರಡನೆಯ ಹೊಡೆತವೂ ಸಾಮಾನ್ಯವಾಗಿ ಮೊದಲಿನ ಜಾಗಕ್ಕೇ ಬೀಳುತ್ತದೆ. ಅದೇ ಜಾಗಕ್ಕೆ ಹೊಡೆದಾಗ ಸಿಡಿಯಿತೆಂದರೆ ಅಲ್ಲಿ ಮದ್ದು ಇತ್ತು, ಮೊದಲ ಹೊಡೆತ ಮಾತ್ರ ಸಾಲದಾಗಿತ್ತು. ಆದ್ದರಿಂದ ಬಹುಪಾಲು ಮಿಸ್‌ಫೈರ್‌ಗಳ ಮಟ್ಟಿಗೆ ಕಾಡತೂಸಿನ ಮೇಲಿನ ಆರೋಪ ನಿಲ್ಲುವುದಿಲ್ಲ. ಬೆಳಗಿನ ಮೊದಲ ಸುತ್ತುಗಳಲ್ಲಿ ಹೆಚ್ಚಾಗಿದ್ದು ಆಮೇಲೆ ತಗ್ಗುತ್ತದೆ ಎಂಬುದು, ಗಟ್ಟಿಯಾಗಿದ್ದ ಗ್ರೀಸು ಬಳಕೆಯಿಂದ ಸಡಿಲವಾಗುತ್ತಿದೆ ಎಂಬ ಅನುಮಾನವನ್ನು ಹುಟ್ಟಿಸುತ್ತದೆ. ವಾರಕ್ಕೊಮ್ಮೆಯ ಎಣ್ಣೆಯ ಸ್ಪ್ರೇ ಆ ಅನುಮಾನವನ್ನು ಬಲಪಡಿಸುತ್ತದೆ. ಹೊಸ ರೈಫಲ್ ಕಾರ್ಖಾನೆಯಿಂದ ಹೊರಡುವಾಗ ತುಕ್ಕು ಹಿಡಿಯದಿರಲೆಂದು ದಪ್ಪ ಗ್ರೀಸಿನ ಲೇಪ ಹಚ್ಚಿರುತ್ತಾರೆ. ಕೊಂಡವರು ನಳಿಗೆಯನ್ನು ಚೆನ್ನಾಗಿ ಒರೆಸುತ್ತಾರೆ, ಬೋಲ್ಟಿನ ಹೊರಮೈಯನ್ನೂ ಒರೆಸುತ್ತಾರೆ, ಬೋಲ್ಟಿನ ಒಳಗೆ ಪಿನ್ ಓಡುವ ಕೊಳವೆ ಮಾತ್ರ ಹಾಗೆಯೇ ಉಳಿಯುತ್ತದೆ. ಅದರ ಮೇಲೆ ತಾವು ಎಣ್ಣೆ ಸುರಿದಿದ್ದೀರಿ, ಸುಟ್ಟ ಮದ್ದಿನ ಮಸಿ ಅದಕ್ಕೆ ಸೇರಿದೆ. ಹೊಸ ರೈಫಲ್‌ಗಳ ಬಗ್ಗೆ ಬರುವ ಇಂಥ ದೂರುಗಳಲ್ಲಿ ನಾನು ಮೊದಲು ಸಂಶಯಪಡುವುದು ಇದನ್ನೇ.

ಪರಿಹಾರ ಸರಳ, ಆದರೆ ಅವಸರದ್ದಲ್ಲ. ಮ್ಯಾಗಜೀನ್ ತೆಗೆದು, ಚೇಂಬರ್ ಖಾಲಿ ಇದೆಯೆಂದು ಕಣ್ಣಿನಿಂದಲೂ ಕಿರುಬೆರಳಿನಿಂದಲೂ ಖಚಿತಪಡಿಸಿಕೊಂಡು, ಕಾಡತೂಸುಗಳನ್ನು ಬೇರೆ ಕೋಣೆಯಲ್ಲಿಟ್ಟು, ಆಮೇಲೆ ಬೋಲ್ಟನ್ನು ಹೊರತೆಗೆಯಿರಿ. ಬೋಲ್ಟಿನ ಒಳಭಾಗವನ್ನು ರೈಫಲಿನ ಜೊತೆ ಬಂದ ಕೈಪಿಡಿಯಲ್ಲಿ ಎಷ್ಟು ಬಿಚ್ಚಬಹುದೆಂದು ಹೇಳಿದೆಯೋ ಅಷ್ಟೇ ಬಿಚ್ಚಿರಿ; ಒಳಗೆ ಒತ್ತಿದ ಸ್ಪ್ರಿಂಗ್ ಇರುತ್ತದೆ, ಅರಿವಿಲ್ಲದೆ ತೆಗೆದರೆ ಕಣ್ಣಿಗೆ ಹಾರುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್ ಅಥವಾ ಕೋವಿಗಳಿಗೆಂದೇ ಸಿಗುವ ಗ್ರೀಸ್ ಕಳೆಯುವ ದ್ರಾವಣದಲ್ಲಿ ಪಿನ್, ಸ್ಪ್ರಿಂಗ್, ಕೊಳವೆ ಇವುಗಳನ್ನು ತೊಳೆದು, ಕಿಟಕಿ ತೆರೆದಿಟ್ಟ ಕೋಣೆಯಲ್ಲಿ, ಬೆಂಕಿಯಿಂದ ದೂರದಲ್ಲಿ ಒಣಗಿಸಿರಿ. ಬಟ್ಟೆಗೆ ಜೇನುಬಣ್ಣದ ಅಂಟು ಹತ್ತಿದರೆ ನಮ್ಮ ಅನುಮಾನ ನಿಜವಾಯಿತೆಂದು ತಿಳಿಯಿರಿ. ಒಣಗಿದ ಮೇಲೆ ಪಿನ್ನಿಗೆ ಎಣ್ಣೆ ಹಚ್ಚಲೇಬೇಕೆಂದರೆ, ಒಂದು ಹನಿ ತೆಳು ಎಣ್ಣೆಯನ್ನು ಬಟ್ಟೆಗೆ ಹಾಕಿ ಆ ಬಟ್ಟೆಯಿಂದ ಸವರಿದರೆ ಸಾಕು. ತೆಂಗಿನೆಣ್ಣೆ ಮಾತ್ರ ಯಾವ ಕಾರಣಕ್ಕೂ ಬೇಡ. ಅದು ದಿನ ಕಳೆದಂತೆ ಅಂಟಾಗುತ್ತದೆ. ಹಳೆಯ ಕೋವಿಗಳಿಗೆ ಊರಿನಲ್ಲಿ ಅದನ್ನು ಹಚ್ಚುತ್ತಿದ್ದರು ಎಂದು ಬರೆಯುವ ಓದುಗರಿದ್ದಾರೆ, ಆ ಕೋವಿಗಳ ಸುತ್ತಿಗೆಯ ಹೊಡೆತದ ಬಲವೇ ಬೇರೆ.

ಇದಾದ ಮೇಲೂ ತೊಂದರೆ ಉಳಿದರೆ ಚೇಂಬರಿನ ಕಡೆ ಗಮನ ಕೊಡಿರಿ. .22 ಗುಂಡಿನ ಸೀಸಕ್ಕೆ ಹೊರಗಿನಿಂದ ಮೇಣದಂಥ ಲೇಪ ಇರುತ್ತದೆ. ಅದೂ ಸೀಸವೂ ಮಸಿಯೂ ಸೇರಿ ಚೇಂಬರಿನ ಮುಂಭಾಗದಲ್ಲಿ ಉಂಗುರದಂತೆ ಕಟ್ಟಿಕೊಂಡರೆ ಮುಂದಿನ ಕಾಡತೂಸು ಪೂರ್ತಿ ಒಳಗೆ ಕೂರುವುದಿಲ್ಲ. ಸ್ಪರ್ಧೆಯ ರೈಫಲ್‌ಗಳ ಚೇಂಬರನ್ನು ಬಿಗಿಯಾಗಿಯೇ ಕೊರೆದಿರುವುದರಿಂದ ಬೋಲ್ಟ್ ಮುಚ್ಚುವಾಗ ಕೊನೆಯಲ್ಲಿ ತುಸು ಬಿಗಿ ಎನಿಸುವುದು ಸಹಜ. ಆದರೆ ಬೋಲ್ಟಿನ ಹಿಡಿ ಪ್ರತಿ ಸಲವೂ ಕೆಳಗಿನ ಅದೇ ಜಾಗಕ್ಕೆ ಬಂದು ನಿಲ್ಲುತ್ತದೆಯೇ ಎಂದು ನೋಡಬೇಕು. ಹಿಡಿ ಕೂದಲೆಳೆಯಷ್ಟು ಮೇಲೆ ನಿಂತಿದ್ದರೂ ಪಿನ್ ಬಿದ್ದಾಗ ಅದರ ಬಲದ ಒಂದು ಪಾಲು ಹಿಡಿಯನ್ನು ಕೆಳಗಿಳಿಸುವುದಕ್ಕೆ ಖರ್ಚಾಗುತ್ತದೆ. ಹೊಸ ಮರದ ಸ್ಟಾಕ್ (ನಳಿಗೆ, ಬೋಲ್ಟ್ ಕೂರುವ ಮರದ ಒಡಲು) ಇದ್ದರೆ ಮುಂಬಯಿಯ ಮಳೆಗಾಲದಲ್ಲಿ ಮರ ಉಬ್ಬಿ, ಬೋಲ್ಟಿನ ಹಿಡಿ ಇಳಿಯುವ ಕಚ್ಚಿನ ತಳಕ್ಕೆ ತಾಗುವ ಸಾಧ್ಯತೆಯೂ ಉಂಟು. ಒಂದು ತೆಳು ಕಾಗದದ ಪಟ್ಟಿಯನ್ನು ಹಿಡಿಗೂ ಮರಕ್ಕೂ ನಡುವೆ ಎಳೆದು ನೋಡಿರಿ, ಅದು ಸಲೀಸಾಗಿ ಸರಿಯಬೇಕು. ಬೋಲ್ಟಿನ ಮುಖದ ಮೇಲೆ, ಅಂಚು ಕೂರುವ ತಗ್ಗಿನಲ್ಲಿ, ಮಸಿ ಗಟ್ಟಿಯಾಗಿದ್ದರೆ ಅದನ್ನೂ ಹಲ್ಲುಜ್ಜುವ ಬ್ರಷ್‌ನಿಂದ ತೆಗೆಯಿರಿ. ಮರಳುಕಾಗದವನ್ನು ಹತ್ತಿರಕ್ಕೂ ತರಬೇಡಿ.

ಕಾಡತೂಸನ್ನು ಪೂರ್ತಿ ಖುಲಾಸೆ ಮಾಡಿದಂತೆಯೂ ಅಲ್ಲ. ತಯಾರಕರು ಒಂದೇ ಇದ್ದರೂ ಲಾಟ್, ಅಂದರೆ ಒಮ್ಮೆಗೆ ತಯಾರಾದ ಕಂತು, ಬದಲಾದರೆ ಗುಣ ಬದಲಾಗುತ್ತದೆ, ಅಂಚಿನ ದಪ್ಪವೂ ಬದಲಾಗುತ್ತದೆ. ಪೆಟ್ಟಿಗೆಯ ಮೇಲಿನ ಲಾಟ್ ಸಂಖ್ಯೆಯನ್ನು ಬರೆದಿಟ್ಟುಕೊಂಡು, ಸ್ವಚ್ಛ ಮಾಡಿದ ರೈಫಲಿನಲ್ಲಿ ಬೇರೆಬೇರೆ ಲಾಟ್‌ಗಳನ್ನು ಒಂದೊಂದು ಪೆಟ್ಟಿಗೆಯಷ್ಟು ಹಾರಿಸಿ ಹೋಲಿಸಿರಿ. ಕೋಚ್ ಒಪ್ಪಿ, ಅವರ ಮೇಲ್ವಿಚಾರಣೆಯಲ್ಲಿ ನಿಮ್ಮ ಕಾಡತೂಸನ್ನು ಕ್ಲಬ್ಬಿನ ಇನ್ನೊಂದು ರೈಫಲಿನಲ್ಲಿ ಪರೀಕ್ಷಿಸಲು ಸಾಧ್ಯವಾದರೆ ಇನ್ನೂ ಒಳ್ಳೆಯದು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಬೋಲ್ಟ್ ತೊಳೆದ ದಿನವೇ ಕಾಡತೂಸನ್ನೂ ಬದಲಿಸಿದರೆ ಯಾವುದರಿಂದ ಸರಿಹೋಯಿತೆಂದು ಹೇಳಲಾಗದು.

ವಾಷರಿನ ಸಲಹೆಯನ್ನು ಸ್ವೀಕರಿಸಬೇಡಿ. ಸ್ಪ್ರಿಂಗನ್ನು ಹೆಚ್ಚು ಒತ್ತಿದರೆ ಹೊಡೆತದ ಬಲ ಹೆಚ್ಚಬಹುದು, ಆದರೆ ಮೂಲ ಕಾರಣ ಗ್ರೀಸಿನಲ್ಲೋ ಚೇಂಬರಿನಲ್ಲೋ ಇದ್ದುಕೊಂಡೇ ಇರುತ್ತದೆ, ಜೊತೆಗೆ ಟ್ರಿಗರಿನ ಹಿಡಿತ ಬದಲಾಗುತ್ತದೆ, ಪಿನ್ ಬೇಗ ಸವೆಯುತ್ತದೆ, ವಾರಂಟಿಯೂ ಹೋಗುತ್ತದೆ. ಬೋಲ್ಟಿನ ಮುಖಕ್ಕೂ ಚೇಂಬರಿನಲ್ಲಿ ಅಂಚು ಕೂರುವ ಜಾಗಕ್ಕೂ ನಡುವಿನ ಅಂತರ ಈ ಕಾಡತೂಸಿಗೆ ಸುಮಾರು 1.09 ಮಿಲಿಮೀಟರಿನಿಂದ 1.17 ಮಿಲಿಮೀಟರಿನೊಳಗೆ ಇರಬೇಕು. ಅಂದರೆ ಸಡಿಲಿಕೆಗೆ ಸಿಗುವ ಅವಕಾಶ ಮಿಲಿಮೀಟರಿನ ಹತ್ತನೆಯ ಒಂದು ಭಾಗವೂ ಅಲ್ಲ. ಇದನ್ನು ಗೇಜ್ ಇಟ್ಟು ಅಳೆಯಬೇಕೇ ಹೊರತು ಅಂದಾಜಿನಲ್ಲಿ ಸರಿಪಡಿಸಲಾಗದು. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಬಂದೂಕು ದುರಸ್ತಿಯ ವ್ಯವಹಾರಕ್ಕೂ ಪರವಾನಗಿ ಬೇಕು. ಆದ್ದರಿಂದ ಪರಿಚಯದ ಲೇತ್ ಕೆಲಸದವರ ಬಳಿಗೆ ಹೋಗದೆ, ಪರವಾನಗಿ ಇರುವ ಡೀಲರ್ ಮೂಲಕವೇ ಮಾಡಿಸಿರಿ. ಅಂಗಡಿಗೆ ಹೋಗುವಾಗ ಸಿಡಿದ ಕವಚಗಳನ್ನೂ, ಗುರುತಿನ ಫೋಟೋಗಳನ್ನೂ, ಲಾಟ್ ಸಂಖ್ಯೆಗಳನ್ನೂ ಒಯ್ಯಿರಿ. ಬರಿಯ ದೂರಿಗಿಂತ ಇವು ಬೇಗ ಕೆಲಸ ಮಾಡಿಸುತ್ತವೆ. ಸಿಡಿಯದೆ ಉಳಿದ ಕಾಡತೂಸುಗಳನ್ನು ಮನೆಗೆ ತರದೆ, ಬಿಚ್ಚುವ ಗೋಜಿಗೂ ಹೋಗದೆ, ರೇಂಜಿನವರಿಗೇ ಒಪ್ಪಿಸಿರಿ.

ಪ್ರಶ್ನೆ: ನಾನು ಪುಣೆಯ ಬಾಲೇವಾಡಿಯಲ್ಲಿ ಅಭ್ಯಾಸ ಮಾಡುತ್ತೇನೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆಯವರು ಐವತ್ತು ಮೀಟರ್ ತ್ರೀ ಪೊಸಿಷನ್‌ನಲ್ಲಿ (ಮಂಡಿಯೂರಿ, ಮಲಗಿ, ನಿಂತು ಹೊಡೆಯುವ ಸ್ಪರ್ಧೆಯಲ್ಲಿ) ಕಂಚು ಗೆದ್ದ ಮೇಲೆ ನಾನೂ .22 ರೈಫಲಿಗೆ ಬಂದೆ. ಏರ್ ರೈಫಲಿನಲ್ಲಿ ಮಾಡುತ್ತಿದ್ದಂತೆ ಇದರಲ್ಲಿಯೂ ಮನೆಯಲ್ಲಿ ಖಾಲಿ ಟ್ರಿಗರ್ ಒತ್ತಿ ಅಭ್ಯಾಸ ಮಾಡಬಹುದೇ? ಅದರಿಂದ ಮುಂದೆ ಮಿಸ್‌ಫೈರ್ ಆಗುತ್ತದೆಂದು ಕೆಲವರು ಹೆದರಿಸುತ್ತಾರೆ.

ಉತ್ತರ: ಹೆದರಿಕೆಗೆ ಆಧಾರವಿದೆ. ಚೇಂಬರ್ ಖಾಲಿ ಇದ್ದಾಗ ಪಿನ್ನಿನ ತುದಿಗೂ ಉಕ್ಕಿಗೂ ನಡುವೆ ಕಾಡತೂಸಿನ ಅಂಚು ಇರುವುದಿಲ್ಲ. ಪಿನ್ ಸ್ವಲ್ಪ ಉದ್ದವಿರುವ ರೈಫಲಿನಲ್ಲಿ ಅದು ನೇರವಾಗಿ ಚೇಂಬರಿನ ಬಾಯಿಯ ಅಂಚಿಗೆ ಬಡಿಯುತ್ತದೆ. ದಿನವೂ ಬಡಿದರೆ ಅಲ್ಲಿ ಒಂದು ತಗ್ಗು ಬಿದ್ದು, ಪಕ್ಕದ ಲೋಹ ಚೇಂಬರಿನೊಳಕ್ಕೆ ಉಬ್ಬುತ್ತದೆ. ಆಮೇಲೆ ಎರಡು ತೊಂದರೆ ಒಟ್ಟಿಗೇ ಬರುತ್ತವೆ: ಕವಚ ಚೇಂಬರಿನಲ್ಲಿ ಸಿಕ್ಕಿಕೊಳ್ಳುತ್ತದೆ, ಮತ್ತು ಪಿನ್ ಬಡಿಯುವ ಜಾಗದಲ್ಲೇ ಅಂಚಿಗೆ ಆಧಾರ ಇಲ್ಲದಂತಾಗಿ ಅದು ನಜ್ಜಾಗುವ ಬದಲು ಬಾಗುತ್ತದೆ. ಈಗಿನ ಹಲವು ಸ್ಪರ್ಧಾ ರೈಫಲ್‌ಗಳಲ್ಲಿ ಪಿನ್ ಅಷ್ಟು ಮುಂದೆ ಬಾರದಂತೆ ತಡೆ ಇರುತ್ತದೆ, ಕೆಲವದಕ್ಕೆ ಖಾಲಿ ಅಭ್ಯಾಸಕ್ಕೆಂದೇ ಬೇರೆ ಪಿನ್ ಅಥವಾ ಬೇರೆ ವ್ಯವಸ್ಥೆ ಇರುತ್ತದೆ. ನಿಮ್ಮ ರೈಫಲಿನ ಕೈಪಿಡಿ ಒಪ್ಪಿಗೆ ಕೊಟ್ಟಿದ್ದರೆ ಮಾಡಿರಿ, ಆ ಬಗ್ಗೆ ಮೌನವಾಗಿದ್ದರೆ ಮಾಡಬೇಡಿ ಅಥವಾ .22 ಅಳತೆಯ ಪ್ಲಾಸ್ಟಿಕ್ ಸ್ನ್ಯಾಪ್ ಕ್ಯಾಪ್ (ಮದ್ದಿಲ್ಲದ ನಕಲಿ ಕಾಡತೂಸು) ಬಳಸಿರಿ. ಈಗಾಗಲೇ ಬಹಳ ದಿನ ಮಾಡಿದ್ದರೆ, ಖಾಲಿ ಚೇಂಬರಿನ ಬಾಯಿಗೆ ಸಣ್ಣ ಟಾರ್ಚ್ ಬೆಳಕು ಬಿಟ್ಟು, ಪಿನ್ ಬಡಿಯುವ ಕಡೆಯಲ್ಲಿ ಗುಳಿ ಕಾಣುತ್ತದೆಯೇ ನೋಡಿರಿ. ಕಂಡರೆ ಗನ್‌ಸ್ಮಿತ್ ಅದನ್ನು ಸರಿಪಡಿಸುವ ಉಪಕರಣ ಇಟ್ಟುಕೊಂಡಿರುತ್ತಾರೆ. ಅರದಿಂದ ನೀವೇ ಉಜ್ಜಬಾರದು.

ಪ್ರಶ್ನೆ: ಮಡಗಾಂವಿನ ನಮ್ಮ ಮನೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುತ್ತದೆ. ಕಾಡತೂಸುಗಳನ್ನು ಎಸಿ ಕೋಣೆಯಲ್ಲಿಡಬೇಕೇ? ಅವುಗಳಿಗೂ ತುಸು ಎಣ್ಣೆ ಸವರಿದರೆ ಒಳ್ಳೆಯದಲ್ಲವೇ?

ಉತ್ತರ: ಎಣ್ಣೆ ಸವರಬಾರದು. .22 ಕಾಡತೂಸಿನ ಗುಂಡನ್ನು ಕವಚದ ಬಾಯಿಯಲ್ಲಿ ಒತ್ತಿ ಹಿಡಿಸಿರುತ್ತಾರೆ ಅಷ್ಟೇ, ಆ ಸಂದಿಯಲ್ಲಿ ಎಣ್ಣೆ ನುಸುಳಿ ಮದ್ದನ್ನು ಕೆಡಿಸಬಲ್ಲದು. ಸ್ಪ್ರೇಯಲ್ಲಿ ಬರುವ ತೆಳು ಎಣ್ಣೆ ಇದರಲ್ಲಿ ಇನ್ನೂ ಅಪಾಯಕಾರಿ. ರೈಫಲಿಗೆ ಎಣ್ಣೆ ಹಚ್ಚಿದ ಕೈಯನ್ನು ಒರೆಸದೆ ಕಾಡತೂಸು ಮುಟ್ಟುವುದೂ ಬೇಡ. ಮೂಲ ಪೆಟ್ಟಿಗೆಯಲ್ಲೇ ಇಟ್ಟು, ಆ ಪೆಟ್ಟಿಗೆಯನ್ನು ರಬ್ಬರ್ ಅಂಚಿನ, ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಹಾಕಿ, ಪರವಾನಗಿಯ ಷರತ್ತಿನಂತೆ ಬೀಗ ಹಾಕಿ ಇಡಿರಿ. ಬಣ್ಣ ಬದಲಾಯಿಸುವ ಸಿಲಿಕಾ ಜೆಲ್ ಆದರೆ ಯಾವಾಗ ಬಿಸಿ ಮಾಡಿ ಒಣಗಿಸಬೇಕೆಂದು ತಾನಾಗಿಯೇ ತೋರಿಸುತ್ತದೆ.

ಎಸಿ ಕೋಣೆಯಿಂದ ಕೆಡುಕಿಲ್ಲ, ಅಲ್ಲಿಂದ ಹೊರತರುವ ರೀತಿಯಿಂದ ಕೆಡುಕುಂಟು. ತಣ್ಣಗಿರುವ ಲೋಹಕ್ಕೆ ಗೋವೆಯ ಹಬೆಗಾಳಿ ತಾಗಿದರೆ ಅದರ ಮೇಲೆ ನೀರು ಹನಿಗಟ್ಟುತ್ತದೆ. ಡಬ್ಬವನ್ನೂ ರೈಫಲಿನ ಪೆಟ್ಟಿಗೆಯನ್ನೂ ಮುಚ್ಚಿದಂತೆಯೇ ರೇಂಜಿಗೆ ಒಯ್ದು, ಹೊರಗಿನ ಬಿಸಿಗೆ ಹೊಂದಿಕೊಂಡ ಮೇಲೆ ತೆರೆಯಿರಿ, ಅರ್ಧ ಗಂಟೆಯಾದರೂ ಬಿಡಿ. ನಿಲ್ಲಿಸಿದ ಕಾರಿನೊಳಗೆ ಬಿಸಿಲಿನಲ್ಲಿ ಡಬ್ಬವನ್ನು ಬಿಟ್ಟು ಹೋಗುವುದು ಸುರಕ್ಷತೆಯ ದೃಷ್ಟಿಯಿಂದಲೂ ತಪ್ಪು, ಗುಂಡಿನ ಮೇಲಿನ ಮೇಣ ಕರಗಿ ಹರಡುವುದರಿಂದಲೂ ತಪ್ಪು. ಕಳೆದ ಮಳೆಗಾಲದ ಪೆಟ್ಟಿಗೆಗಳು ಉಳಿದಿದ್ದರೆ ಅವುಗಳನ್ನು ಅಭ್ಯಾಸಕ್ಕೆ ಮೊದಲು ಮುಗಿಸಿರಿ. ಹಸಿರು ಕಲೆ ಹಿಡಿದ ಕವಚಗಳನ್ನು ಮಾತ್ರ ಹಾರಿಸದೆ, ಬೇರ್ಪಡಿಸಿ ರೇಂಜಿನಲ್ಲಿ ಒಪ್ಪಿಸಿರಿ.